ಕಲ್ಯಾಣದ ಕಿಲ್ಲಾ ಮತ್ತು ಆಯಿಯ ಸುಣ್ಣದ ಪಟ್ಟಿ

ಬಸವಕಲ್ಯಾಣಕ್ಕೆ ಬಂದವರು ನೋಡೋ ಜಾಗಗಳು ಹೆಚ್ಚುಕಡಿಮೆ ಒಂದೇ. 108 ಅಡಿ ಎತ್ತರದ ಬಸವಣ್ಣನ ಪ್ರತಿಮೆ, ಅನುಭವ ಮಂಟಪ, ತ್ರಿಪುರಾಂತಕ ಕೆರೆ, ಶರಣರ ಗವಿಗಳು, ಊರೊಳಗಿನ ಬಸವೇಶ್ವರ ಗುಡಿ. ಇಷ್ಟಾದ ಮೇಲೆ ಟೈಮ್ ಉಳಿದರೆ ಕೋಟೆ. ಬಹಳ ಜನಕ್ಕೆ ಟೈಮ್ ಉಳಿಯೋದಿಲ್ಲ. ನಾನು ಹುಟ್ಟಿ ಬೆಳೆದ ಹುಮನಾಬಾದಿಂದ ಕಲ್ಯಾಣಕ್ಕೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಅಷ್ಟು ಹತ್ತಿರ ಇದ್ದೂ ನಾನು ಕೋಟೆಯೊಳಗೆ ಹೋಗಿದ್ದು ಒಂದೇ ಸಲ, ಏಳನೇ ಕ್ಲಾಸಿನ ಟ್ರಿಪ್ಪಿನಲ್ಲಿ. ನೆನಪಿರೋದು ಸಾಲಾಗಿ ನಿಂತು ತಿಂದ ಚುರುಮುರಿ ಮಾತ್ರ.

ನನ್ನ ಆಯಿ, ಅಂದರೆ ಅಪ್ಪನ ತಾಯಿ, ಒಮ್ಮೆಯೂ ಹೋಗಿರಲಿಲ್ಲ. ಹಾಗಂತ ನಾನು ತಿಳಿದಿದ್ದೆ.

ಹೋದ ಡಿಸೆಂಬರಿನಲ್ಲಿ ನಾನು ಹೈದರಾಬಾದಿನಿಂದ ರಜೆಗೆ ಬಂದಾಗ ಮನೆಯಲ್ಲಿ ಒಂದೇ ಮಾತು ನಡೀತಿತ್ತು: ಹಳೇ ಮನೆ ಕೆಡವೋದು. ಕಾಕಾ ಪ್ಲ್ಯಾನ್ ಹಾಕಿಸಿದ್ದ. ಕೆಳಗೆ ಎರಡು ಅಂಗಡಿ ಬಾಡಿಗೆಗೆ, ಮೇಲೆ ಎರಡು ಮನೆ. ಕಾಕಾನನ್ನು ದೂರೋ ಹಾಗೂ ಇಲ್ಲ. ಪ್ರತಿ ಮಳೆಗಾಲದಲ್ಲಿ ಮಾಳಿಗೆ ಸೋರ್ತದೆ, ಪಡಸಾಲೆಯಲ್ಲಿ ಬಕೆಟ್ ಸಾಲು ಕೂತಿರ್ತದೆ, ರಾತ್ರಿ ಎದ್ದು ಅದನ್ನು ಖಾಲಿ ಮಾಡೋದು ಕಾಕಾ ಮತ್ತು ಕಾಕು. ನಾನು ಹೈದರಾಬಾದಿನ ಹನ್ನೊಂದನೇ ಮಹಡಿಯಲ್ಲಿ ಕೂತು "ಹಳೇ ಮನೆ ಎಷ್ಟು ಚೆಂದ" ಅನ್ನೋದು ಸುಲಭ.

ಎಲ್ಲರೂ ಮಾತಾಡಿ ಮುಗಿದ ಮೇಲೆ ಆಯಿ ಬಾಯಿ ಬಿಟ್ಟಳು.

"ಕೆಡವ್ರಿ, ನನಗೇನ್. ಆದ್ರ ಕೆಡವೂಕಿಂತ ಮೊದ್ಲು ನನಗ ಒಮ್ಮಿ ಕಲ್ಯಾಣದ ಕಿಲ್ಲಾ ತೋರ್ಸ್ರಿ."

"ಕಿಲ್ಲಾದಾಗ ಏನದ ಆಯಿ?" ಅಂದೆ.

"ಏನರ ಅದನೋ ಇಲ್ಲೋ, ಅದನ್ನೇ ನೋಡಬೇಕಾಗ್ಯದ."

ಮರುದಿನ ಬೆಳಿಗ್ಗೆ ಕಾಕಾನ ಕಾರಿನಲ್ಲಿ ಹೊರಟ್ವಿ. ಸೋಲಾಪುರದ ಕಡೆ ಹೋಗೋ ಹೈವೇ, ಎರಡೂ ಕಡೆ ಕಾಯಿ ಕಟ್ಟಿದ ತೊಗರಿ, ನಡುನಡುವೆ ಕಬ್ಬಿನ ಟ್ರ್ಯಾಕ್ಟರು. ಸಸ್ತಾಪುರ ಬಂಗ್ಲಾದ ಹತ್ತಿರ ಹೈವೇ ಬಿಟ್ಟು ಕಲ್ಯಾಣದ ರಸ್ತೆ ಹಿಡಿದಾಗ ಆಯಿ ಸೆರಗು ಸರಿ ಮಾಡಿಕೊಂಡಳು, ಬೀಗರ ಮನೆಗೆ ಹೊಂಟವಳ ಹಾಗೆ. ಆ ದಾರಿಯಲ್ಲೇ ಆಕೆ ತನ್ನಪ್ಪನ ವಿಷಯ ಹೇಳಿದ್ದು. ಆಕೆಯ ಅಪ್ಪ ಗೌಂಡಿ ಅನ್ನೋದು ನನಗೆ ಗೊತ್ತಿತ್ತು. ಹುಮನಾಬಾದಿನ ನಮ್ಮ ಮನೆಯನ್ನು, ಆಯಿಯ ಮದುವೆಯಾದ ಮೇಲೆ, ಅವರೇ ಬಂದು ಕಟ್ಟಿಕೊಟ್ಟಿದ್ದು ಅನ್ನೋದೂ ಗೊತ್ತಿತ್ತು. ಗೊತ್ತಿರದೇ ಇದ್ದದ್ದು, ಅವರು ಕೆಲಸ ಕಲಿತದ್ದು ಕಲ್ಯಾಣದ ಕಿಲ್ಲಾದಲ್ಲಿ, ನವಾಬರ ಮಹಲುಗಳ ರಿಪೇರಿಯಲ್ಲಿ ಅಂತ. ಆಯಿ ಐದಾರು ವರ್ಷದವಳಿದ್ದಾಗ ಅಪ್ಪನ ಬುತ್ತಿ ಹಿಡಿದುಕೊಂಡು ಕಿಲ್ಲಾದೊಳಗೆ ಹೋಗ್ತಿದ್ದಳು, ಸಂಜೆಯವರೆಗೆ ಗಚ್ಚಿನ ಗಾಣದ ಎತ್ತಿನ ಹಿಂದೆ ತಿರುಗ್ತಿದ್ದಳು. ಅಲ್ಲಿಂದ ಈಚೆಗೆ 76 ವರ್ಷ ಆ ಕಡೆ ತಲೆ ಹಾಕಿಲ್ಲ.

ಕಲ್ಯಾಣದ ಕೋಟೆ ಬೆಟ್ಟದ ಮೇಲಿಲ್ಲ. ದೌಲತಾಬಾದಿನ ಥರ ದೂರದಿಂದಲೇ ಕಾಣಿಸಿ ಎದೆ ಝಲ್ಲೆನಿಸೋದಿಲ್ಲ. ಊರೊಳಗೆ ಹೋಗಿ, ಓಣಿ ತಿರುಗಿ, ಇನ್ನೇನು ದಾರಿ ತಪ್ಪಿತು ಅನ್ನುವಾಗ ಕರಿಕಲ್ಲಿನ ಬುರುಜು ಎದುರಿಗೆ ಬಂದು ನಿಲ್ಲುತ್ತೆ. ಸುತ್ತ ಕಂದಕ. ಒಂದರ ಹಿಂದೆ ಒಂದು ಬಾಗಿಲು. ದಾರಿಯೂ ನೇರ ಒಳಗೆ ಬಿಡೋದಿಲ್ಲ, ತಿರುಗಿಸಿ ತಿರುಗಿಸಿ ಒಯ್ಯುತ್ತೆ. ಆನೆಯೋ ಸೈನ್ಯವೋ ಓಡಿ ಬಂದು ಬಾಗಿಲಿಗೆ ಗುದ್ದೋಕೆ ಜಾಗ ಸಿಗಬಾರದು ಅಂತ ದಖನ್ನಿನ ಕೋಟೆಗಳಲ್ಲಿ ಮಾಡೋ ಉಪಾಯ ಇದು. ಆಯಿಯ ಮೊಣಕಾಲಿಗೆ ಆನೆಗಿಂತ ಹೆಚ್ಚು ತೊಂದರೆ ಆಯ್ತು. ಎರಡು ಸಲ ಕೂತು ಎದ್ದು ಹೋದ್ವಿ.

ಈ ಊರಿನ ಚರಿತ್ರೆ ಶಾಲೆಯಲ್ಲಿ ಅರ್ಧಕ್ಕೇ ನಿಲ್ಲುತ್ತೆ. ಹನ್ನೊಂದನೇ ಶತಮಾನದಲ್ಲಿ ಮೊದಲನೇ ಸೋಮೇಶ್ವರ ಕಲ್ಯಾಣವನ್ನು ರಾಜಧಾನಿ ಮಾಡಿದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 50 ವರ್ಷ ಆಳಿದ. ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದದ್ದು, ಬಿಲ್ಹಣ ಕಾಶ್ಮೀರದಿಂದ ಬಂದು ನೆಲೆಸಿದ್ದು ಇಲ್ಲೇ. ಆಮೇಲೆ ಬಿಜ್ಜಳ, ಬಸವಣ್ಣ, ಕಲ್ಯಾಣ ಕ್ರಾಂತಿ. ಅಲ್ಲಿಗೆ ಪಾಠ ಮುಗೀತು. ನಂತರದ ಏಳೆಂಟು ಶತಮಾನ ಊರು ಖಾಲಿ ಇತ್ತೇನೋ ಅನ್ನೋ ಹಾಗೆ. ಆದರೆ ಕೋಟೆಯಲ್ಲಿ ಈಗ ಕಣ್ಣಿಗೆ ಕಾಣೋದು ಬಹಳಷ್ಟು ಆ ಬಿಟ್ಟುಹೋದ ಶತಮಾನಗಳದ್ದೇ. ಬಹಮನಿಗಳು, ಬರೀದ್ ಶಾಹಿಗಳು, ಆದಿಲ್ ಶಾಹಿಗಳು, 1657ರಲ್ಲಿ ಬೀದರ್ ಜೊತೆಗೆ ಕಲ್ಯಾಣವನ್ನೂ ಗೆದ್ದ ಔರಂಗಜೇಬ, ಕೊನೆಗೆ ನಿಜಾಮರ ಕೈಕೆಳಗೆ ಕಲ್ಯಾಣಿಯ ನವಾಬರು. ರಾಜಮಹಲ್, ಹೈದರಿ ಮಹಲ್ ಎಲ್ಲ ಆ ಕಾಲದ ಹೆಸರುಗಳು. ಚೂಪು ನೆತ್ತಿಯ ಕಮಾನು, ಗಾರೆಯಲ್ಲಿ ಮೂಡಿಸಿದ ಬಳ್ಳಿ, ಗೋಡೆಯೊಳಗೆ ಕೊರೆದ ಗೂಡು. ಒಳಗಿನ ಮ್ಯೂಸಿಯಮ್ಮಿನಲ್ಲಿ ಚಾಲುಕ್ಯರ ಕಾಲದ ಶಿಲ್ಪಗಳು. ಹತ್ತು ಹೆಜ್ಜೆಯಲ್ಲಿ ಐನೂರು ವರ್ಷ ದಾಟಬಹುದು.

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಮಗೆಲ್ಲ, ಕಂಪ್ಯೂಟರ್ ಸೈನ್ಸಿನವರಿಗೂ, ಸಿವಿಲ್ಲಿನ ಒಂದು ಪೇಪರ್ ಇತ್ತು. ಪಾಸಾದರೆ ಸಾಕು ಅಂತ ಓದಿದ್ದು. ಈ ಕೋಟೆಯಲ್ಲಿ ನಿಂತಾಗ ಅದರ ಒಂದು ಚಿತ್ರ ನೆನಪಾಯ್ತು. ಕಲ್ಲನ್ನು ಒತ್ತಿದರೆ ಅದು ಬಹಳ ಗಟ್ಟಿ, ಎಳೆದರೆ ಬಹಳ ದುರ್ಬಲ. ಎರಡು ಕಂಬದ ಮೇಲೆ ಕಲ್ಲಿನ ತೊಲೆ ಇಟ್ಟರೆ ತೊಲೆಯ ಕೆಳಮೈ ಎಳೆತಕ್ಕೆ ಸಿಗುತ್ತೆ, ಉದ್ದ ಜಾಸ್ತಿಯಾದರೆ ನಡುವೆ ಬಿರುಕು ಬಿಡುತ್ತೆ. ಚಾಲುಕ್ಯರ ಗುಡಿಗಳಲ್ಲಿ ಅಷ್ಟೊಂದು ಕಂಬ ಇರೋದಕ್ಕೆ ಇದೂ ಒಂದು ಕಾರಣ. ಕಂಬ ಹತ್ತಿರ ಹತ್ತಿರ ಇರಲೇಬೇಕು. ಅದನ್ನೇ ಅವರು ಕುಸುರಿಯಾಗಿ ಮಾಡಿದರು, ಆ ಮಾತು ಬೇರೆ. ಕಮಾನು ಇದೇ ಭಾರವನ್ನು ಪಕ್ಕಕ್ಕೆ ತಿರುಗಿಸುತ್ತೆ. ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತೆ, ಎಳೆಯೋ ಮಾತೇ ಇಲ್ಲ. ಹೀಗಾಗಿ ಸಣ್ಣ ಸಣ್ಣ ಕಲ್ಲಿನಲ್ಲೇ ಅಗಲವಾದ ಬಾಯಿ ದಾಟಬಹುದು. ಬದಲಿಗೆ ಎರಡೂ ಪಕ್ಕದ ಗೋಡೆ ದಪ್ಪ ಇರಬೇಕು, ಮತ್ತು ನೆತ್ತಿಯ ಕಲ್ಲು ಕೂರೋವರೆಗೆ ಕಮಾನು ಕಮಾನಲ್ಲ, ಕೆಳಗೆ ಆಸರೆ ಬೇಕೇ ಬೇಕು.

ನಾನು ಇದನ್ನೆಲ್ಲ ಆಯಿಗೆ ಉತ್ಸಾಹದಿಂದ ವಿವರಿಸ್ತಾ ಇದ್ದೆ. ಆಕೆ ಒಂದು ಕಮಾನಿನ ಕೆಳಗೆ ನಿಂತು ಮೇಲೆ ನೋಡ್ತಿದ್ದಳು.

"ಎರಡು ಗೂಟ, ಒಂದು ಹಗ್ಗ," ಅಂದಳು.

ನೆಲದ ಮೇಲೆ ಎರಡು ಗೂಟ ಹೊಡೀತಾರೆ. ಒಂದು ಗೂಟಕ್ಕೆ ಹಗ್ಗ ಕಟ್ಟಿ ಒಂದು ಗೆರೆ ಸುತ್ತುತ್ತಾರೆ, ಇನ್ನೊಂದು ಗೂಟದಿಂದ ಇನ್ನೊಂದು ಗೆರೆ. ಎರಡು ಗೆರೆ ಕೂಡೋ ಕಡೆ ಕಮಾನಿನ ಚೂಪು ನೆತ್ತಿ. ಗೂಟ ಹತ್ತಿರ ತಂದರೆ ಕಮಾನು ಗುಂಡಗಾಗುತ್ತೆ, ದೂರ ಸರಿಸಿದರೆ ಚೂಪಾಗುತ್ತೆ. ಆಕೆಯ ಅಪ್ಪನ ಉಸ್ತಾದರು ಹೀಗೆ ಅಂಗಳದಲ್ಲಿ ಪೂರಾ ಅಳತೆಯ ಕಮಾನು ಬರೆದು, ಅದರ ಮೇಲೆ ಕಲ್ಲು ಜೋಡಿಸಿ ನೋಡಿ, ಆಮೇಲೆ ಮೇಲಕ್ಕೇರಿಸ್ತಿದ್ದರಂತೆ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ನೋಟ್‌ಬುಕ್ಕಿನಲ್ಲಿ ಕಂಪಾಸ್ ಇಟ್ಟು ಬರೆದದ್ದನ್ನು ಆಕೆ ಆರನೇ ವಯಸ್ಸಿನಲ್ಲಿ ಅಂಗಳದಲ್ಲಿ ನಿಂತು ನೋಡಿದ್ದಾಳೆ.

ಉಸ್ತಾದ್ ಅಂದರೆ ಮುಸ್ಲಿಂ ಗೌಂಡಿ. ಕೆಲಸಗಾರರಲ್ಲಿ ಎಲ್ಲ ಜಾತಿಯವರೂ ಇದ್ದರು. ಗಚ್ಚು ಅರೆಯೋದೇ ಒಂದು ದೊಡ್ಡ ಕೆಲಸ. ಭಟ್ಟಿಯಲ್ಲಿ ಸುಟ್ಟ ಸುಣ್ಣದ ಹರಳನ್ನು ಗುಂಡಿಗೆ ಹಾಕಿ ನೀರು ಬಿಟ್ಟರೆ ಕೊತಕೊತ ಕುದಿಯುತ್ತೆ. ದಿನಗಟ್ಟಲೆ ಹಾಗೇ ಬಿಡ್ತಾರೆ. ಆಮೇಲೆ ಮರಳು, ಇಟ್ಟಂಗಿ ಪುಡಿ ಸೇರಿಸಿ ಗಾಣಕ್ಕೆ. ದುಂಡನೆ ಕಾಲುವೆಯಲ್ಲಿ ಕಲ್ಲಿನ ಗಾಲಿ, ಅದಕ್ಕೆ ಕಟ್ಟಿದ ಎತ್ತು. ಅರೆಯುವಾಗ ಬೆಲ್ಲದ ನೀರು, ಹಿರಡಾ ಕಾಯಿ ನೆನೆಸಿದ ನೀರು ಬೀಳುತ್ತೆ. ಹಿರಡಾ ಅಂದರೆ ಅಳಲೆಕಾಯಿ, ನಮ್ಮ ಕಡೆ ಮರಾಠಿ ಹೆಸರೇ ಓಡುತ್ತೆ.

"ಗಚ್ಚಿಗಿ ತಂದ ಬೆಲ್ಲದಾಗ ಉಸ್ತಾದ್ ದಿನಾ ನನಗ ಒಂದು ಹಳ್ಕ ಕೊಡ್ತಿದ್ದ. ಗ್ವಾಡಿಗಿ ಕಮ್ಮಿ ಬಿದ್ರ ನಡೀತದ, ಕೂಸಿಗಿ ಕಮ್ಮಿ ಬೀಳಬಾರ್ದು ಅಂತಿದ್ದ."

ಇಷ್ಟು ಹೇಳಿ ಆಕೆ ಒಂದು ಕೆಲಸ ಮಾಡಿದಳು. ಗೋಡೆಯ ಗಾರೆಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದಳು, ಬಾಗಿಲು ತಟ್ಟಿದ ಹಾಗೆ. ಕಿವಿ ಹತ್ತಿರ ಒಯ್ದಳು. ಒಂದು ಮಾರು ಸರಿದು ಮತ್ತೆ ಬಡಿದಳು. ಕಾವಲಿನವರು ದೂರದಿಂದಲೇ ಕೂಗಿದರು: "ಅಮ್ಮಾ, ಮುಟ್ಟಬ್ಯಾಡ್ರಿ! ಸಂರಕ್ಷಿತ ಸ್ಮಾರಕ ಅದ ಇದು."

"ನಾನೂ ಅದೇ ನೋಡ್ಲತ್ತೀನಪ್ಪ, ಸಂರಕ್ಷಣಾ ಆಗ್ಯದೋ ಇಲ್ಲೋ ಅಂತ," ಅಂದಳು ಆಯಿ.

ಗಾರೆ ಗೋಡೆಗೆ ಹಿಡಿದುಕೊಂಡಿದ್ದರೆ ಸದ್ದು ಗಟ್ಟಿ ಬರುತ್ತೆ, ಒಳಗೆ ಬಿಟ್ಟಿದ್ದರೆ ಟೊಳ್ಳು. ಕಾವಲಿನವರು ಬಂದು ತಾವೂ ಕಿವಿಗೊಟ್ಟರು. ಆಮೇಲೆ ತಮ್ಮ ಕುರ್ಚಿ ತಂದು ಆಯಿಗೆ ಹಾಕಿದರು. ಮುಟ್ಟಬಾರದು ಅನ್ನೋ ನಿಯಮ ಸರಿಯಾದದ್ದೇ, ನಮ್ಮ ಹಿಂದೆಯೇ ಗೋಡೆಯ ಮೇಲೆ ಯಾರೋ ಯಾರನ್ನೋ ಪ್ರೀತಿಸಿದ ದಾಖಲೆ ಕೆತ್ತಿತ್ತು.

ಅಷ್ಟರಲ್ಲಿ ಕಾಲೇಜು ಹುಡುಗರ ಒಂದು ಗುಂಪು ಬಂತು. ಹೊರಗಿನ ಗೋಡೆಯಲ್ಲಿ ಅಡ್ಡಲಾಗಿ ಕೂರಿಸಿದ ಒಂದು ಕೆತ್ತನೆಯ ಕಲ್ಲನ್ನು ಅವರು ನೋಡಿ ಬಂದಿದ್ದರು. ಗುಡಿ ಒಡೆದು ಕೋಟೆ ಕಟ್ಟಿದ್ದಾರೆ, ಇದೆಲ್ಲ ನಮ್ಮದು ಅಂತ ಒಬ್ಬ. ಹಾಗಾದರೆ ಈ ಕಮಾನು ಯಾರದು ಅಂತ ಇನ್ನೊಬ್ಬ. ಮಾತು ಜೋರಾಗ್ತಾ ಇತ್ತು. ಒಬ್ಬ ನನ್ನ ಕಡೆ ತಿರುಗಿ "ಅಕ್ಕೋರೆ, ನೀವೇನಂತೀರಿ?" ಅಂದ.

ಆಗ ಹೇಳೋಕೆ ಆಗದ್ದನ್ನು ಇಲ್ಲಿ ಹೇಳ್ತೀನಿ. ದಖನ್ನಿನ ಯುದ್ಧಗಳಲ್ಲಿ ಗುಡಿಗಳು ಒಡೆದದ್ದು ನಿಜ, ಅದನ್ನು ಮುಚ್ಚಿಡೋದರಲ್ಲಿ ಯಾರಿಗೂ ಲಾಭ ಇಲ್ಲ. ಇದೇ ಕಲ್ಯಾಣದಲ್ಲಿ 1326ರ ಒಂದು ಸಂಸ್ಕೃತ ಶಾಸನ ಸಿಕ್ಕಿದೆ ಅನ್ನೋದೂ ನಿಜ. ಆಗ ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್. ಗಲಭೆಯಲ್ಲಿ ಇಲ್ಲಿನ ಮಧುಕೇಶ್ವರ ಗುಡಿಗೆ ಹಾನಿಯಾಗಿತ್ತು. ಭಕ್ತರು ಸುಲ್ತಾನನ ಅಧಿಕಾರಿ ಖ್ವಾಜಾ ಅಹ್ಮದನ ಹತ್ತಿರ ಹೋದರು, ಅವನ ಒಪ್ಪಿಗೆಯಿಂದ ಲಿಂಗ ಮತ್ತೆ ಪ್ರತಿಷ್ಠೆಯಾಯ್ತು. ಇನ್ನೂರು ವರ್ಷ ಆದಮೇಲೆ ವಿಜಯನಗರದ ರಾಮರಾಯ ಮತ್ತು ದಖನ್ನಿನ ಸುಲ್ತಾನರು ಇದೇ ಕೋಟೆಗಾಗಿ ಮತ್ತೆ ಮತ್ತೆ ಹೊಡೆದಾಡಿದರು. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಅನ್ನೋ ಇಬ್ಬರು ವಿದ್ವಾಂಸರು 2014ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಜಗಳದ ಹಿಂದೆ ಚಾಲುಕ್ಯರ ರಾಜಧಾನಿ ಅನ್ನೋ ಹಳೇ ಹೆಸರಿನ ಆಸೆಯೂ ಇತ್ತು ಅನ್ನೋದು ಅವರ ವಾದ. ಒಂದು ಅಡ್ಡ ಕಲ್ಲನ್ನು ನೋಡಿ ಇಷ್ಟರಲ್ಲಿ ಯಾವ ಕಥೆ ಅದರದು ಅಂತ ಹೇಳೋದಕ್ಕೆ ಆಗಲ್ಲ.

ಹುಡುಗರಿಗೆ ಉತ್ತರ ಕೊಟ್ಟದ್ದು ಆಯಿ. ಒಳಗೆ ಬರುವಾಗ ಆಕೆಯೂ ಆ ಕಲ್ಲಿನ ಎದುರಿಗೆ ನಿಂತು ನೋಡಿದ್ದಳು.

"ಅದು ಅವಸರದಾಗ ಇಟ್ಟ ಕಲ್ಲು. ಸುತ್ತ ಗಚ್ಚು ನೋಡ್ರಿ, ಹ್ಯಾಂಗ ಬಂತೋ ಹಂಗ ತುರುಕ್ಯಾರ. ಕೆಲ್ಸ ಬಲ್ಲವ ಟೈಮಿದ್ರ ಹಿಂಗ ಇಡಂಗಿಲ್ಲ."

ನನಗೆ ಥಟ್ಟನೆ ಹೊಳೆದದ್ದು ಮುತ್ತಿಗೆಗಳು. ತೋಪಿನ ಗುಂಡಿಗೆ ಗೋಡೆ ಬಿದ್ದಾಗ ರಾತ್ರೋರಾತ್ರಿ ಮುಚ್ಚಬೇಕು, ಕೈಗೆ ಸಿಕ್ಕ ಕಲ್ಲು ಹಾಕಬೇಕು. ಈ ಕಲ್ಲಿಗೂ ಹಾಗೇ ಆಗಿರಬಹುದು, ಆಗದೇ ಇರಬಹುದು. ಹುಡುಗರಲ್ಲಿ ಇಬ್ಬರು ಗಚ್ಚು ನೋಡೋಕೆ ವಾಪಸ್ ಹೋದರು. ಉಳಿದವರು ಸೆಲ್ಫಿಗೆ.

ಆಮೇಲೆ ಆಯಿ ಬಹಳ ಹೊತ್ತು ಸುಮ್ಮನಿದ್ದಳು. ನಾನೇ ಕೇಳಿದೆ, ಯಾಕೆ ಇಷ್ಟು ವರ್ಷ ಬರಲಿಲ್ಲ ಅಂತ.

ನಮ್ಮ ಕಡೆ ಸೆಪ್ಟೆಂಬರ್ 17 ದೊಡ್ಡ ದಿನ. ದೇಶಕ್ಕೆ ಸ್ವಾತಂತ್ರ್ಯ ಬಂದು 13 ತಿಂಗಳಾದ ಮೇಲೆ, 1948ರ ಸೆಪ್ಟೆಂಬರ್ 13ರಂದು ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಜನರ ಬಾಯಲ್ಲಿ ಅದು ಪೊಲೀಸ್ ಆಕ್ಷನ್. ಅದಕ್ಕೆ ಮೊದಲಿನ ತಿಂಗಳುಗಳು ರಜಾಕಾರರದ್ದು. ಕಲ್ಯಾಣಕ್ಕೆ ಹತ್ತಿರದ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ನಮ್ಮ ಜಿಲ್ಲೆಯ ಯಾವ ಹಿರಿಯರೂ ಮರೆತಿಲ್ಲ. ಆಯಿಯ ಮನೆಯವರೂ ಬೇರೆ ಎಷ್ಟೋ ಜನರ ಹಾಗೆ ಗಡಿ ದಾಟಿ ಸೋಲಾಪುರಕ್ಕೆ ಹೋಗಿದ್ದರು. ರಾತ್ರಿ, ಬಂಡಿಯಲ್ಲಿ, ಎತ್ತಿನ ಕೊರಳ ಗೆಜ್ಜೆ ಬಿಚ್ಚಿ.

ಈ ಅರ್ಧ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇನ್ನೊಂದು ಅರ್ಧ ಆಯಿ ಅವತ್ತು ಹೇಳಿದಳು. ಪೊಲೀಸ್ ಆಕ್ಷನ್ ಆದ ಮೇಲೆ ಅವರು ಊರಿಗೆ ವಾಪಸ್ ಬಂದರು. ಆಯಿಗೆ ಎಂಟು ವರ್ಷ. ಉಸ್ತಾದರ ಮನೆಯ ಬಾಗಿಲು ತೆಗೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಒಲೆಯ ಮೇಲೆ ಪಾತ್ರೆ ಇತ್ತು. ಎಲ್ಲಿ ಹೋದರು, ಹೋದರೋ ಇಲ್ಲವೋ, ಓಣಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಯಿಯ ಅಪ್ಪ ಒಳಗೆ ಹೋಗಿ ಉಸ್ತಾದರ ಥಾಪಿ, ಹಗ್ಗ, ಒಳಂಬಾ ತಗೊಂಡು ಬಂದರು. ಒಳಂಬಾ ಅಂದರೆ ಗೋಡೆ ನೆಟ್ಟಗಿದೆಯಾ ಅಂತ ನೋಡೋಕೆ ದಾರಕ್ಕೆ ಕಟ್ಟಿ ಇಳಿಬಿಡೋ ಗುಂಡು. ಬಂದರೆ ಕೊಡೋಣ ಅಂತ ಇಟ್ಟುಕೊಂಡರು. ಯಾರೂ ಬರಲಿಲ್ಲ.

ಆ ದಿನಗಳಲ್ಲಿ ಮುಸ್ಲಿಮರ ಮೇಲೆ ಏನು ನಡೀತು ಅಂತ ನೋಡಿ ಬರೋಕೆ ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲರ ತಂಡವನ್ನು ಕಳಿಸಿತ್ತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲ್ಬರ್ಗಾ ಇವೆ ಅಂತ ಅವರ ವರದಿ ಹೇಳುತ್ತೆ. ಬಹಳ ವರ್ಷ ಅದು ಹೊರಗೇ ಬರಲಿಲ್ಲ. ಇದನ್ನು ನಾನು ಓದಿ ತಿಳಿದದ್ದು. ಆಯಿಗೆ ವರದಿ ಗೊತ್ತಿಲ್ಲ, ಒಲೆಯ ಮೇಲಿನ ಪಾತ್ರೆ ಗೊತ್ತು. 1949ರಲ್ಲಿ ಜಹಗೀರುಗಳು ರದ್ದಾದವು, ನವಾಬರ ಕೆಲಸವೂ ನಿಂತಿತು. ಆಕೆಯ ಅಪ್ಪ ಮತ್ತೆ ಕಿಲ್ಲಾದ ಕಡೆ ಹೋಗಲಿಲ್ಲ, ಮನೆಯವರಿಗೂ ಹೋಗೋಕೆ ಬಿಡಲಿಲ್ಲ.

"ಉಸ್ತಾದನ ಕೈ ಕೆಲ್ಸ ಯಾವುದು ಅಂತ ಗುರ್ತ ಸಿಕ್ಕಿತೇನು ಆಯಿ?"

"ಹ್ಯಾಂಗ ಸಿಗ್ತದ ಯವ್ವಾ. ಗ್ವಾಡಿ ಮ್ಯಾಲ ಹೆಸರು ಬರೀತಾರೇನು? ಅದ, ಇನ್ನೂ ನಿಂತದ. ಅಷ್ಟು ನೋಡಿದೆ."

ವಾಪಸ್ ಬರುವಾಗ ಆಕೆ ನಿದ್ದೆ ಹೋದಳು. ನಾನು ಗೂಗಲ್ ಮಾಡ್ತಾ ಕೂತೆ. ಕೇಂದ್ರದ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ರಾಜ್ಯಕ್ಕೆ ತನ್ನದೇ 1961ರ ಕಾಯ್ದೆ. ಬೀದರಿನ ಮಹಮೂದ್ ಗವಾನ್ ಮದರಸಾದಂಥ 1472ರ ಕಟ್ಟಡ ಇವತ್ತಿಗೂ ನಿಂತಿರೋದಕ್ಕೆ ಇಂಥ ಕಾಯ್ದೆಗಳ, ಅದಕ್ಕೂ ಮೊದಲು ಗುಲಾಮ್ ಯಜ್ದಾನಿ ಕಟ್ಟಿ ಬೆಳೆಸಿದ ನಿಜಾಮರ ಪುರಾತತ್ವ ಇಲಾಖೆಯ ಪಾತ್ರ ದೊಡ್ಡದು. ಆದರೆ ಅದೇ ಕೈಗಳು, ಅದೇ ಗಚ್ಚಿನಲ್ಲಿ, ಅದೇ ಎರಡು ಗೂಟ ಒಂದು ಹಗ್ಗದಲ್ಲಿ ಕಟ್ಟಿದ ಸಾಧಾರಣ ಮನೆಗಳು ಕಲ್ಯಾಣ, ಹುಮನಾಬಾದ್, ಬೀದರಿನ ಓಣಿಗಳಲ್ಲಿ ನೂರಾರು ಇವೆ. ಅವು ಯಾವ ಕಾಯ್ದೆಯ ಲೆಕ್ಕಕ್ಕೂ ಬರೋದಿಲ್ಲ. ಬರಬೇಕು ಅಂತಲೂ ನಾನು ಹೇಳೋದಿಲ್ಲ, ಸೋರೋ ಮನೆಯಲ್ಲಿ ಮಲಗೋರು ಅವರು.

ಮನೆಗೆ ಬಂದವಳೇ ಆಯಿ ಪಡಸಾಲೆಯ ಕಮಾನಿನ ಕೆಳಗೆ ನಿಂತಳು. ಮೂವತ್ತು ವರ್ಷದಿಂದ ನಾನು ಚಪ್ಪಲಿ ಬಿಡೋ ಜಾಗ ಅದು. ಕಮಾನಿನ ಎಡಗಡೆ ಒಂದು ಬಿರುಕಿದೆ, ನೆತ್ತಿಯಿಂದ ಕೆಳಗೆ ಇಳಿದದ್ದು. ನೋಡೋಕೆ ಕರೆಸಿದ್ದ ಗುತ್ತಿಗೆದಾರರು ಗೋಡೆ ಸತ್ತಿದೆ ಅಂದಿದ್ದರು. ಹಿಂದಿನ ಗೋಡೆಗೆ ಹದಿನೈದು ವರ್ಷದ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ವಿ, ಈಗ ಅದು ಹಪ್ಪಳದ ಹಾಗೆ ಎದ್ದು ಬೀಳ್ತಿದೆ. ಇದರ ಕಾರಣ ಸರಳ. ಸುಣ್ಣದ ಗೋಡೆ ನೀರು ಕುಡಿಯುತ್ತೆ, ಬಿಸಿಲಿಗೆ ಬಿಡುತ್ತೆ. ಸಿಮೆಂಟು ಬಿಡೋಕೆ ಕೊಡೋದಿಲ್ಲ. ನೀರು ಒಳಗೇ ಉಳಿದು ಉಪ್ಪನ್ನು ಹೊತ್ತು ತಂದು ಗಾರೆಯನ್ನು ಒಳಗಿನಿಂದ ತಳ್ಳುತ್ತೆ. ಹೊಸ ಮನೆಗೆ ಸಿಮೆಂಟ್ ಒಳ್ಳೇದೇ, ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಅದರ ಕಾರ್ಖಾನೆ ಬಂದಿತ್ತು. ಹಳೇ ಗೋಡೆಯ ಮೈಗೆ ಮಾತ್ರ ಅದು ಆಗಿಬರೋದಿಲ್ಲ.

"ಗ್ವಾಡಿ ಸತ್ತದೋ ಇಲ್ಲೋ ಕೇಳಿದ್ರ ಗ್ವಾಡೀನೇ ಹೇಳ್ತದ," ಅಂದಳು ಆಯಿ. "ಸುಣ್ಣ ತರ್ಸು."

ಬಿರುಕಿಗೆ ಅಡ್ಡಲಾಗಿ, ಮೂರು ಕಡೆ, ಅಂಗೈ ಅಗಲದ ಸುಣ್ಣದ ಗಾರೆಯ ಪಟ್ಟಿ ಹಚ್ಚೋದು. ಒಣಗಿದ ಮೇಲೆ ಅದರ ಮೇಲೆ ತಾರೀಖು ಬರೆಯೋದು. ಒಂದು ಬೇಸಿಗೆ, ಒಂದು ಮಳೆಗಾಲ ಕಾಯೋದು. ಬಿರುಕು ಹಳೇದಾಗಿ ನಿಂತಿದ್ದರೆ ಪಟ್ಟಿ ಹಾಗೇ ಇರುತ್ತೆ, ಇನ್ನೂ ಸರೀತಾ ಇದ್ದರೆ ಪಟ್ಟಿ ಒಡೆಯುತ್ತೆ. ಆಕೆಯ ಅಪ್ಪ ಕಿಲ್ಲಾದಲ್ಲಿ ಹೀಗೇ ಮಾಡ್ತಿದ್ದರಂತೆ. ಇವತ್ತಿನ ಸ್ಟ್ರಕ್ಚರಲ್ ಇಂಜಿನಿಯರುಗಳೂ ಇದನ್ನೇ ಗಾಜಿನ ಪಟ್ಟಿಯಲ್ಲಿ, ಅಳತೆ ಗೆರೆಯ ಪ್ಲಾಸ್ಟಿಕ್ಕಿನಲ್ಲಿ ಮಾಡ್ತಾರೆ. ಬೀದರಿನಿಂದ ಒಬ್ಬ ಇಂಜಿನಿಯರನ್ನೂ ಕರೆಸಿದ್ವಿ. ಅವರು ಆಯಿಯ ಪಟ್ಟಿ ನೋಡಿ ನಕ್ಕು, ಇದು ಸಾಕು ಅಂದರು. ಜೊತೆಗೆ ಮಾಳಿಗೆಯ ನೀರು ಹೋಗೋ ದೋಣಿ ಮೊದಲು ಸರಿಮಾಡಿಸಿ, ಬಿರುಕಿಗೆ ಅರ್ಧ ಕಾರಣ ಅದೇ ಇರಬಹುದು ಅಂದರು.

ಕಾಕಾಗೆ ಇದು ಅಷ್ಟು ಹಿಡಿಸಲಿಲ್ಲ. ಪ್ಲ್ಯಾನಿಗೆ ಕೊಟ್ಟ ಅಡ್ವಾನ್ಸು ಹೋಗ್ತದೆ, ಕಬ್ಬಿಣದ ರೇಟು ಏರ್ತದೆ, ಅಂಗಡಿ ಕೇಳಿದವ ಬೇರೆ ಕಡೆ ಹೋಗ್ತಾನೆ. ಎಲ್ಲ ನಿಜ. ಆ ವರ್ಷದ ಬಾಡಿಗೆಯ ನಷ್ಟದಲ್ಲಿ ಅರ್ಧ ನಾನು ಕೊಡ್ತೀನಿ ಅಂದೆ. ಕಾಕಾ ದುಡ್ಡಿನ ಮಾತು ತೆಗೀಬ್ಯಾಡ ಅಂತ ಸಿಟ್ಟಾದ. ಕೊನೆಗೆ ಅಪ್ಪ, ಕಾಕಾ ಸೇರಿ ಒಂದು ಮಳೆಗಾಲ ಕಾಯೋದಕ್ಕೆ ಒಪ್ಪಿದರು. ದೋಣಿ ರಿಪೇರಿಯಾಯ್ತು. ಹಿಂದಿನ ಗೋಡೆಯ ಸಿಮೆಂಟ್ ತೆಗೆಸಿದ್ವಿ. ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಗೋಕೆ ಮೂರು ವಾರ ಬೇಕಾಯ್ತು. ಆಯಿ ಮಾಳಿಗೆಯ ಗಂಟಿನಿಂದ ಉಸ್ತಾದರ ಒಳಂಬಾ ತೆಗೆದು ಅವರ ಕೈಗೆ ಕೊಟ್ಟಳು, ಕೆಲಸ ಮುಗಿದ ಮೇಲೆ ಎಣಿಸಿದ ಹಾಗೆ ವಾಪಸ್ ತಗೊಂಡಳು.

ಕಾಕಾ ಈಗ ಪ್ರತಿ ಭಾನುವಾರ ಮೂರೂ ಪಟ್ಟಿಯ ಫೋಟೋ ವಾಟ್ಸಾಪಿನಲ್ಲಿ ಹಾಕ್ತಾನೆ. ಬೇರೆ ಏನೂ ಬರೆಯೋದಿಲ್ಲ. ಮೃಗಶಿರ ಹೋಯ್ತು, ಪುಷ್ಯ ಹೋಯ್ತು. ಮೇಲಿನ ಎರಡು ಪಟ್ಟಿ ಇದ್ದ ಹಾಗೇ ಇವೆ. ಕೆಳಗಿನದು ಶ್ರಾವಣದ ಜಡಿಮಳೆಯಲ್ಲಿ ಕೂದಲೆಳೆಯಷ್ಟು ಒಡೆದಿದೆ. ಆಯಿ ಅದರ ಪಕ್ಕದಲ್ಲೇ ನಾಲ್ಕನೇ ಪಟ್ಟಿ ಹಚ್ಚಿಸಿದ್ದಾಳೆ, ಹೊಸ ತಾರೀಖು ಹಾಕಿ.